ಮುತ್ತಿನ ಅಂಕಲ್ ನೋಡಿದ ನೀರು

"ಹೋದರು" ಎಂದು ಆಂಟಿ ಫೋನಿನಲ್ಲಿ ಕನ್ನಡದಲ್ಲಿ ಹೇಳಿದರು. ಉಳಿದದ್ದೆಲ್ಲ ಜಪಾನಿ ಭಾಷೆಯಲ್ಲಿ. ಬೆಳಗಿನ ಚಹಾ ಕುಡಿದು ಕುರ್ಚಿಗೆ ಒರಗಿದವರು ಮತ್ತೆ ಏಳಲಿಲ್ಲವಂತೆ. ಸಂಕಟಪಡಲಿಲ್ಲವಂತೆ. ಆಂಟಿ ಕೋಬೆಯಲ್ಲೇ ಹುಟ್ಟಿ ಬೆಳೆದ ಜಪಾನಿ ಹೆಂಗಸು. ಅಂಕೋಲೆಯ ಕಡೆಯ ಗಂಡನೊಂದಿಗೆ ನಲವತ್ತು ವರ್ಷ ಬಾಳಿ ಅವರು ಕಲಿತ ಇಪ್ಪತ್ತು ಮೂವತ್ತು ಕನ್ನಡ ಮಾತುಗಳಲ್ಲಿ 'ಬಾ', 'ಕೂತ್ಕೋ', 'ಊಟ ಆಯ್ತಾ' ಎಂಬಂಥವೇ ಹೆಚ್ಚು. 'ಹೋದರು' ಎಂಬುದನ್ನು ಯಾವಾಗ ಕಲಿತರೋ. ಊರಿನಿಂದ ಬರುತ್ತಿದ್ದ ಫೋನುಗಳನ್ನು ಪಕ್ಕದಲ್ಲಿ ಕೂತು ಕೇಳಿ ಕೇಳಿ ಕಲಿತಿರಬೇಕು.

ಕೋಬೆಯ ಕನ್ನಡದವರೆಲ್ಲ ಆಂಟಿಯ ಗಂಡನನ್ನು ಮುತ್ತಿನ ಅಂಕಲ್ ಎನ್ನುತ್ತಿದ್ದೆವು. ನಾನೂ ಇಲ್ಲಿ ಹಾಗೇ ಬರೆಯುತ್ತೇನೆ. ಹೆಸರು ಅಚ್ಚಾಗುವುದು ಅವರಿಗೆ ಹಿಡಿಸುತ್ತಿರಲಿಲ್ಲ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಒಬ್ಬ ಸೇಠರ ಮುತ್ತಿನ ಕಚೇರಿಗೆ ಲೆಕ್ಕ ಬರೆಯಲು ಬಂದವರು, ಎರಡೇ ವರ್ಷದಲ್ಲಿ ಮುತ್ತು ಆರಿಸುವ ಮೇಜಿಗೆ ಹೋದರು. ಉತ್ತರದ ಕಿಟಕಿಯ ಬೆಳಕಿನಲ್ಲಿ ಬಿಳಿ ಬಟ್ಟೆ ಹಾಸಿ, ಒಂದು ರಾಶಿ ಮುತ್ತನ್ನು ಹರಡಿ, ಒಂದೇ ಸರದಲ್ಲಿ ಜೊತೆ ಕೂರುವಂಥವನ್ನು ಹೆಕ್ಕಿ ಹೆಕ್ಕಿ ಬದಿಗಿಡುವ ಕೆಲಸ. ನಿವೃತ್ತರಾಗುವವರೆಗೂ ಅದನ್ನೇ ಮಾಡಿದರು.

"ಬಿಳೀಲಿ ಎಷ್ಟು ಬಿಳಿ ಉಂಟು ಗೊತ್ತಾ ತಂಗಿ?" ಎಂದು ಮೊದಲ ಭೇಟಿಯಲ್ಲೇ ನನ್ನನ್ನು ಕೇಳಿದ್ದರು. ಯಾರದೋ ಮನೆಯ ದೀಪಾವಳಿ ಊಟ. ನನಗೆ ಜಂಬ ಬಂತು. ಮೈಸೂರಿನಲ್ಲಿ ನಮ್ಮಮ್ಮ ಒಂದು ಮ್ಯಾಚಿಂಗ್ ಸೆಂಟರ್ ನಡೆಸುತ್ತಿದ್ದಳು. ಸೀರೆ ತಂದವರಿಗೆ ಹೊಂದುವ ರವಿಕೆ ಬಟ್ಟೆ ಹುಡುಕಿ ಕೊಡುತ್ತಲೇ ನಾನು ಬೆಳೆದದ್ದು. "ಹಾಲುಬಿಳಿ, ಸುಣ್ಣದ ಬಿಳಿ, ಮಲ್ಲಿಗೆ ಬಿಳಿ, ಗಂಜಿ ತಿಳಿ, ಬೆಣ್ಣೆ" ಎಂದು ಶುರು ಮಾಡಿದೆ. ಅವರು ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟು ಕೇಳಿದರು. ಎಲ್ಲ ಮುಗಿದ ಮೇಲೆ, "ಗಂಜಿ ತಿಳಿ! ನಲವತ್ತು ವರ್ಷ ಆ ಬಣ್ಣ ಕೈಯಲ್ಲಿ ಹಿಡದೆ, ಹೆಸರು ಮರ್ತೋಗಿತ್ತು ನೋಡು" ಎಂದರು. ಅಂದಿನಿಂದ ಅವರಿಗೆ ನನ್ನ ಮೇಲೆ ಒಂದು ಬಗೆಯ ಸಲಿಗೆ.

ಅವರ ಮನೆ ಕಿತಾನೋ ಬಡಾವಣೆಯ ಏರಿನಲ್ಲಿತ್ತು. ಬಾಗಿಲು ತೆರೆದರೆ ಎದುರಿಗೇ ಆರಡಿ ಉದ್ದದ ಗಾಜಿನ ತೊಟ್ಟಿ, ಅದರೊಳಗೆ ಉಪ್ಪುನೀರು, ಹವಳ, ಹಳದಿ ನೀಲಿ ಮೀನುಗಳು. ಕಡಲ ಮೀನು ಸಾಕುವ ಹುಚ್ಚು ಅವರಿಗೆ ಯಾವಾಗ ಹತ್ತಿತೋ ತಿಳಿಯದು. ಆದರೆ ಕೋಬೆ, ಒಸಾಕಾಗಳಲ್ಲಿ ಏಳೆಂಟು ಮನೆಗಳಿಗೆ ಅವರೇ ಗುರು. ಹೊಸದಾಗಿ ತೊಟ್ಟಿ ಇಡುವವರು ಮೊದಲು ಅವರನ್ನು ಕರೆಯುತ್ತಿದ್ದರು. ಪುಕ್ಕಟೆ ವಿದ್ಯೆ. ಒಂದೇ ಷರತ್ತು: ಅವರು "ಆಯ್ತು" ಅನ್ನುವವರೆಗೆ ಒಂದು ಮೀನನ್ನೂ ನೀರಿಗೆ ಬಿಡಬಾರದು. ಒಬ್ಬರು ತಡೆಯಲಾರದೆ ಬಿಟ್ಟಿದ್ದಕ್ಕೆ ಅವರ ಮನೆಗೆ ಒಂದು ವರ್ಷ ಕಾಲಿಡಲಿಲ್ಲವಂತೆ. ಹಟಮಾರಿ ಮನುಷ್ಯ. ರೈಲಿನಲ್ಲಿ ಬಕೆಟ್ಟು ಹಿಡಿದು ನಿಲ್ಲುವರು, ಯಾರು ಸೀಟು ಕೊಟ್ಟರೂ ಕೂರುತ್ತಿರಲಿಲ್ಲ. ಸುಮಿಮಾಸೆನ್ ಎಂಬ ಮಾತು ಅವರ ಬಾಯಲ್ಲಿ ಬಂದರೆ ಕ್ಷಮೆ ಕೇಳಿದಂತಿರದೆ ದಾರಿ ಬಿಡಿ ಎಂದಂತಿರುತ್ತಿತ್ತು.

ಆ ತೊಟ್ಟಿ ನೋಡಿ ಮನಸೋತವನು ನನ್ನ ಗಂಡ ಶ್ರೀಧರ. ಅವನು ಇಲ್ಲಿಯ ಒಂದು ಯಂತ್ರದ ಕಾರ್ಖಾನೆಯಲ್ಲಿ ಎಂಜಿನಿಯರ್. ನಮ್ಮ ಫ್ಲ್ಯಾಟಿನ ಗೋಡೆಯ ಪಕ್ಕ ಎರಡಡಿಯ ಒಂದು ತೊಟ್ಟಿ ಬಂತು. ಅಂಕಲ್ ಒಂದು ಶನಿವಾರ ಬಂದು ನೀರಿಗೆ ಕಡಲುಪ್ಪು ಕರಗಿಸಿ, ಹೀಟರ್, ಪಂಪು ಜೋಡಿಸಿ, ತೂತು ತೂತಾದ ಹವಳದ ಕಲ್ಲುಗಳನ್ನು ಒಂದರ ಮೇಲೊಂದು ಒರಗಿಸಿದರು. ಆಮೇಲೆ ಅಂಗಡಿಯ ಚೀಲದಿಂದ ಒಂದು ಸಣ್ಣ ಪೊಟ್ಟಣ ತೆಗೆದರು. ಬಿಚ್ಚಿದರೆ ಹಸಿ ಸೀಗಡಿ.

"ಅಂಕಲ್, ಇದೇನು?" ಎಂದೆ.

"ನಮ್ಮ ಕಡೆ ಶೆಟ್ಲಿ ಅಂತಾರೆ. ಇದನ್ನ ನೀರಲ್ಲಿ ಹಾಕ್ಬೇಕು. ಕೊಳೀಬೇಕು."

"ನಮ್ಮನೇಲಾ? ನಾವು ಮೊಟ್ಟೇನೂ ತರಲ್ಲ ಅಂಕಲ್!"

"ನೀನು ತಿನ್ನೋದಲ್ಲ ಮಾರಾಯ್ತಿ. ನೀರು ತಿನ್ನೋದು."

ಶ್ರೀಧರ ಕಿಟಕಿಯ ಹೊರಗೆ ನೋಡುತ್ತಿದ್ದ. ಅಂಕಲ್ ನನ್ನನ್ನು ಕೂರಿಸಿ ವಿವರಿಸಿದರು. ಮೀನು ತಿಂದು ಉಗುಳಿದ್ದು, ಮಲ, ಎಲ್ಲ ನೀರಿನಲ್ಲಿ ಕೊಳೆತು ಅಮೋನಿಯ ಆಗುತ್ತದೆ. ಅದು ವಿಷ. ಕಣ್ಣಿಗೆ ಕಾಣದ ಒಂದು ಜಾತಿಯ ಜೀವ ಆ ಅಮೋನಿಯವನ್ನು ತಿಂದು ಬೇರೆ ಏನೋ ಮಾಡುತ್ತದೆ, ಅದೂ ವಿಷವೇ. ಅದನ್ನು ತಿನ್ನಲು ಇನ್ನೊಂದು ಜಾತಿ ಬರಬೇಕು. ಇವೆರಡೂ ಕಲ್ಲಿನ ತೂತುಗಳಲ್ಲಿ ಸಂಸಾರ ಹೂಡಿ ಬೆಳೆಯಲು ಐದಾರು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಅವಕ್ಕೆ ಆಹಾರ ಬೇಕಲ್ಲ, ಅದಕ್ಕೇ ಈ ಸೀಗಡಿ.

"ಎಂಜಲೆಲೆ ಎತ್ತೋರು ಬಂದ್ರಾ ಅಂತ ನೋಡ್ಕಂಡು ಆಮೇಲೆ ನೆಂಟರನ್ನ ಕರೀಬೇಕು. ಗಡಿಬಿಡಿ ಎಂತಕ್ಕೆ?" ಎಂದರು.

ಎಂಜಲೆಲೆಯ ಮಾತು ನನಗೆ ಅರ್ಥವಾಯಿತು. ಆದರೂ ಆ ವಾರ ನಾನು ದೇವರ ಫೋಟೋಗಳನ್ನು ಮಲಗುವ ಕೋಣೆಗೆ ಸಾಗಿಸಿದೆ.

ಪ್ರತಿ ಶನಿವಾರ ಹತ್ತು ಗಂಟೆಗೆ ಅವರು ಬರುತ್ತಿದ್ದರು. ಪುಟ್ಟ ಗಾಜಿನ ನಳಿಕೆಯಲ್ಲಿ ತೊಟ್ಟಿಯ ನೀರು ಹಿಡಿದು, ಬಾಟಲಿಯಿಂದ ಹನಿ ಹಾಕಿ, ಕುಲುಕಿ, ಐದು ನಿಮಿಷ ಬಿಡುವರು. ನೀರಿಗೆ ಬಣ್ಣ ಬರುತ್ತದೆ. ಹಳದಿ ಬಂದರೆ ಅಮೋನಿಯ ಇಲ್ಲ, ಹಸಿರು ಬಂದರೆ ಇದೆ. ಹಸಿರು ದಟ್ಟವಾದಷ್ಟೂ ವಿಷ ಹೆಚ್ಚು. ಜೊತೆಗೆ ಬಂದ ಬಣ್ಣದ ಕಾರ್ಡಿನ ಪಕ್ಕ ಹಿಡಿದು ಹೋಲಿಸಬೇಕು. ಅಂಕಲ್ ಕಾರ್ಡು ಬಳಸುತ್ತಿರಲಿಲ್ಲ. "ಮುತ್ತು ಆರ್ಸಿದ ಕಣ್ಣಿಗೆ ಕಾರ್ಡು ಎಂತಕ್ಕೆ?" ನಳಿಕೆಯನ್ನು ಎತ್ತಿ ಒಮ್ಮೆ ನೋಡಿ, "ಇನ್ನೂ ಆಗ್ಲಿಲ್ಲ" ಎಂದು ತೊಳೆಯಲು ನನ್ನ ಕೈಗೆ ಕೊಡುತ್ತಿದ್ದರು. ಆಮೇಲೆ ಕಾಫಿ, ಊರಿನ ಮಾತು, ಇಪ್ಪತ್ತು ವರ್ಷದಿಂದ ಅವರು ನೋಡದ ಅಂಕೋಲೆಯ ಮಾತು.

ಮೊದಲ ಬಾರಿ ನನಗೆ ಅನುಮಾನ ಬಂದದ್ದು ಮೂರನೆಯ ಶನಿವಾರ. ನಳಿಕೆಯನ್ನು ಮುಖದ ಎದುರಿಗೆ ಹಿಡಿಯದೆ ಸ್ವಲ್ಪ ಓರೆಗೆ, ಕಿವಿಯ ಬದಿಗೆ ಹಿಡಿದು ನೋಡಿದರು. ನಾಲ್ಕನೆಯ ವಾರ ಕಾಫಿ ಲೋಟ ಇಡಲು ಹೋಗಿ ಮೇಜಿನ ಅಂಚು ತಪ್ಪಿ ಬೀಳಿಸಿದರು. ಐದನೆಯ ವಾರ ಕನ್ನಡಕ ಬದಲಾಗಿತ್ತು, ಗಾಜು ದಪ್ಪ. ನಾನು ಕಾಫಿ ಲೋಟವನ್ನು ಅವರ ಕೈಗೇ ಕೊಟ್ಟೆ.

ಆರನೆಯ ಶನಿವಾರ ನಳಿಕೆ ಎತ್ತಿ, ಬಣ್ಣ ಪೂರ್ತಿ ಏಳುವ ಮೊದಲೇ, "ಹಳದಿ. ಆಯ್ತು. ನಾಳೆ ಮೀನು ತನ್ನಿ" ಎಂದರು.

ಶ್ರೀಧರ ಚಪ್ಪಾಳೆ ತಟ್ಟಿದ. ನನ್ನ ಗಂಡನಿಗೆ ಒಂದು ಕಾಲಿಗೆ ಕಪ್ಪು, ಇನ್ನೊಂದಕ್ಕೆ ನೀಲಿ ಕಾಲುಚೀಲ ಹಾಕಿಕೊಂಡರೂ ತಿಳಿಯುವುದಿಲ್ಲ. ತೊಳೆಯಲೆಂದು ನಳಿಕೆ ನನ್ನ ಕೈಗೆ ಬಂತು. ಅಡುಗೆಮನೆಯ ಕಿಟಕಿಯ ಬಳಿ ಹಿಡಿದು ನೋಡಿದೆ. ಹಳದಿ ಆಗಿರಲಿಲ್ಲ. ಎಳೆ ಬಾಳೆಸುಳಿಯ ಹಸಿರು. ನಮ್ಮಂಗಡಿಗೆ ಈ ಬಣ್ಣದ ಸೀರೆ ತಂದವರಿಗೆ ನಾನು ಹಳದಿ ರವಿಕೆ ಕೊಟ್ಟಿದ್ದರೆ ಅಮ್ಮ ಬೆನ್ನಿಗೆ ಒಂದು ಬಿಡುತ್ತಿದ್ದಳು.

ನಳಿಕೆ ಹಿಡಿದು ಹೊರಗೆ ಬರಬೇಕಿತ್ತು. ಬರಲಿಲ್ಲ. ಅವರು ಎಪ್ಪತ್ತು ದಾಟಿದ ಹಿರಿಯರು. ಬಣ್ಣ ನೋಡುವುದೇ ಜೀವನವಾಗಿದ್ದವರು. ಅವರ ಎದುರು ನಿಂತು ನಿಮಗೆ ಹಸಿರು ಕಾಣುತ್ತಿಲ್ಲ ಎನ್ನುವುದು ಹೇಗೆ? ನನ್ನ ಕಣ್ಣೇ ಸರಿಯಿಲ್ಲವೇನೋ, ಅಡುಗೆಮನೆಯ ಟೈಲ್ಸಿನ ಛಾಯೆ ಇರಬೇಕು ಎಂದುಕೊಂಡೆ. ನಲ್ಲಿ ತಿರುಗಿಸಿ ತೊಳೆದುಬಿಟ್ಟೆ.

ಭಾನುವಾರ ಶ್ರೀಧರ ಎರಡು ಮೀನು ತಂದ. ಹೆಬ್ಬೆರಳಿನಷ್ಟು ಉದ್ದ, ಕಿತ್ತಳೆ ಮೈಗೆ ಬಿಳಿ ಪಟ್ಟೆ. ಸೋಮವಾರ ಅವು ತಿನ್ನಲಿಲ್ಲ. ಮಂಗಳವಾರ ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆದು ತೆರೆದು ಉಸಿರಿಗೆ ಒದ್ದಾಡತೊಡಗಿದವು. ಬುಧವಾರ ಬೆಳಿಗ್ಗೆ ಚಿಕ್ಕದು ಕಲ್ಲಿನ ಸಂದಿಯಲ್ಲಿ ಅಡ್ಡಲಾಗಿ ಬಿದ್ದಿತ್ತು.

ಶ್ರೀಧರ ಕೆಲಸಕ್ಕೆ ಹೋಗಿದ್ದ. ನಾನು ಅಂಕಲಿಗೆ ಫೋನ್ ಮಾಡಿದೆ. ಮುಕ್ಕಾಲು ಗಂಟೆಯಲ್ಲಿ ಬಕೆಟ್ಟಿನೊಂದಿಗೆ ಬಾಗಿಲಲ್ಲಿದ್ದರು, ಜೊತೆಗೆ ಆಂಟಿ. ಆಂಟಿ ಅವರ ತೋಳು ಹಿಡಿದಿದ್ದರು.

"ನೀರು ಆಗಿತ್ತಲ್ಲ! ನೀವು ಸಾಬೂನು ಗೀಬೂನು ತಾಗಿಸಿದ್ರಾ?" ಎಂದು ಒಳಗೆ ಬರುತ್ತಲೇ ಗದರಿದರು. ನೀರು ಹಿಡಿದು, ಹನಿ ಹಾಕಿ, ಕುಲುಕಿ, ಬೆಳಕಿಗೆ ಎತ್ತಿದರು. "ನೋಡು, ಹಳದಿಯೇ."

ನಳಿಕೆಯಲ್ಲಿದ್ದದ್ದು ಗಿಳಿಹಸಿರು. ಆಂಟಿ ನೆಲ ನೋಡುತ್ತಿದ್ದರು.

"ಅಂಕಲ್, ಅದು ಹಸಿರು" ಎಂದೆ.

"ಎಂತ?"

"ಹಸಿರು ಅಂಕಲ್. ಶನಿವಾರಾನೂ ಹಸಿರೇ ಇತ್ತು. ನಾನು ನೋಡಿದ್ದೆ."

ನಳಿಕೆ ಎತ್ತಿದ ಕೈ ಹಾಗೇ ಇತ್ತು. ಅವರು ಅದನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸರಿಸಿದರು. ಸಿಟ್ಟಾಗುತ್ತಾರೆಂದು ಕಾದೆ. ಅವರು ನಿಧಾನವಾಗಿ ಅದನ್ನು ಮೇಜಿನ ಮೇಲಿಟ್ಟು, ಇನ್ನೂ ಬದುಕಿದ್ದ ಮೀನಿನ ಕಡೆ ತಿರುಗಿ, "ಮೊದಲು ಇದನ್ನ ಕರ್ಕೊಂಡು ಹೋಪ. ಮಾತು ಆಮೇಲೆ" ಎಂದರು.

ಟ್ಯಾಕ್ಸಿಯಲ್ಲಿ ಬಕೆಟ್ಟು ನನ್ನ ಕಾಲುಗಳ ನಡುವೆ ಇತ್ತು. ಅವರ ಮನೆಯಲ್ಲಿ ಸಣ್ಣ ಕೊಳವೆಯಿಂದ ದೊಡ್ಡ ತೊಟ್ಟಿಯ ನೀರನ್ನು ಬಕೆಟ್ಟಿಗೆ ತೊಟ್ಟು ತೊಟ್ಟಾಗಿ ಬಿಟ್ಟು, ಒಂದೂವರೆ ಗಂಟೆ ಕಾದು, ಮೀನನ್ನು ಒಳಗೆ ಬಿಟ್ಟೆವು. ಅದು ತಳಕ್ಕಿಳಿದು ಒಂದು ಕಲ್ಲಿನ ಮರೆಗೆ ಹೋಗಿ ನಿಂತಿತು. ಬಾಯಿ ಬಡಿಯುವುದು ನಿಧಾನವಾಯಿತು.

ಆಗ ಹೇಳಿದರು. ಕಣ್ಣಿನ ಹಿಂಭಾಗದ ಪರದೆ ಸವೆಯುತ್ತಿದೆ. ವಾಸಿಯಾಗುವಂಥದ್ದಲ್ಲ. ನೋಡಿದ ವಸ್ತುವಿನ ನಡುವೆ ಒಂದು ಕಲೆ, ಸುತ್ತ ಎಲ್ಲವೂ ತೊಳೆದ ಬಟ್ಟೆಯಂತೆ ಮಾಸಲು. ಕೆಲಸದ ಕೊನೆಯ ವರ್ಷ ಒಂದು ಸರದಲ್ಲಿ ಎರಡು ಮುತ್ತು ಹೊಂದದೆ ಕೂತಿದ್ದವು. ಕೊಂಡವರು ಗಮನಿಸಲಿಲ್ಲ, ಸೇಠರೂ ಗಮನಿಸಲಿಲ್ಲ. ಪ್ಯಾಕ್ ಮಾಡುವ ಮೊದಲು ಬೆರಳಾಡಿಸುವಾಗ ಇವರಿಗೇ ಏನೋ ಅನ್ನಿಸಿ, ಒಬ್ಬ ಎಳೆಯ ಸಹೋದ್ಯೋಗಿಯನ್ನು ಕೇಳಿ ಖಚಿತ ಮಾಡಿಕೊಂಡು, ಅದೇ ದಿನ ಹೋಗಿ ಕೆಲಸ ಬಿಡುತ್ತೇನೆಂದು ಹೇಳಿದರಂತೆ.

"ಅಲ್ಲಿ ಹೇಳಿದೆ. ಇಲ್ಲಿ ಹೇಳ್ಲಿಲ್ಲ" ಎಂದರು. "ಇಲ್ಲಿ ಹೇಳಿದ್ರೆ ಮತ್ತೆ ಯಾರ ಮನೆಗೆ ಹೋಗ್ಲಿ? ಶನಿವಾರ ಎಂತ ಮಾಡ್ಲಿ?"

ಅವರ ದನಿಯಲ್ಲಿ ಅಳುವಿರಲಿಲ್ಲ. ಕೇಳಿದ್ದು ನಿಜವಾದ ಪ್ರಶ್ನೆಯೇ ಆಗಿತ್ತು. ಆಂಟಿ ಚಹಾ ತಂದಿಟ್ಟು ನನ್ನ ಪಕ್ಕ ಕೂತರು.

ಮರುದಿನ ಬೆಳಿಗ್ಗೆ ನನ್ನನ್ನು ಮತ್ತೆ ಕರೆಸಿಕೊಂಡರು. ಒಂದು ಹಳೆಯ ನೋಟುಪುಸ್ತಕ ನನ್ನ ಮುಂದೆ ಇಟ್ಟು, "ನಂಬರ್ ಹಚ್ಚು" ಎಂದರು. ಅವರು ತೊಟ್ಟಿ ನೋಡಿಕೊಡುತ್ತಿದ್ದ ಮನೆಗಳ ಫೋನ್ ನಂಬರುಗಳು. ಆಂಟಿಯ ಕೈಯಲ್ಲಿ ಮಾಡಿಸಬಹುದಿತ್ತಲ್ಲ ಎಂದು ನಾನು ಯೋಚಿಸುತ್ತಿರುವಾಗಲೇ, "ಅವಳಾದ್ರೆ ನನ್ನ ಬದಲು ತಾನೇ ಮಾತಾಡಿ ಮುಗಿಸ್ತಾಳೆ" ಎಂದರು.

ಒಬ್ಬೊಬ್ಬರಿಗೂ ಅವರದೇ ಭಾಷೆಯಲ್ಲಿ ಹೇಳಿದರು. ಜಪಾನಿಯಲ್ಲಿ, ಗುಜರಾತಿಯಲ್ಲಿ, ಇಂಗ್ಲಿಷಿನಲ್ಲಿ. ಮಾತು ಒಂದೇ: ನನಗೆ ಬಣ್ಣ ಕಾಣುವುದಿಲ್ಲ. ಒಂದು ವರ್ಷದಿಂದ ನಾನು ಹೇಳಿದ ಫಲಿತಾಂಶ ನಂಬಬೇಡಿ. ಇವತ್ತೇ ನೀರು ಪರೀಕ್ಷೆ ಮಾಡಿಕೊಳ್ಳಿ. ಇಲ್ಲೊಬ್ಬರ ಮನೆಯಲ್ಲಿ ನನ್ನಿಂದ ಒಂದು ಮೀನು ಸತ್ತಿದೆ. ಜಪಾನಿಯಲ್ಲಿ ಮಾತಾಡುವಾಗ, ಎದುರಿಗೆ ಯಾರೂ ಇಲ್ಲದಿದ್ದರೂ, ಕುರ್ಚಿಯಲ್ಲಿ ಕೂತೇ ಆಳವಾಗಿ ತಲೆ ಬಾಗಿಸುತ್ತಿದ್ದರು.

ಹೆಚ್ಚಿನವರು, ಅಯ್ಯೋ ಪರವಾಗಿಲ್ಲ ಎಂದರು. ಕೊನೆಯದು ಒಬ್ಬ ಜಪಾನಿ ದಂತವೈದ್ಯರಿಗೆ. ಮೂವತ್ತು ವರ್ಷದ ಗೆಳೆಯ. ಅವರೊಂದಿಗೆ ಮಾತಾಡುತ್ತ ಅಂಕಲ್ ಇದ್ದಕ್ಕಿದ್ದಂತೆ ಸುಮ್ಮನಾದರು. ಫೋನ್ ಇಟ್ಟು ನೋಟುಪುಸ್ತಕ ಮುಚ್ಚಿದರು.

"ಅವಂಗೆ ಗೊತ್ತಿತ್ತಂತೆ. ಹೋದ ವರ್ಷದಿಂದ. ನಾನು ಎದ್ದು ಹೋದ್ಮೇಲೆ ತಾನೇ ಮತ್ತೆ ಟೆಸ್ಟ್ ಮಾಡ್ಕಂತಿದ್ನಂತೆ. ನಂಗೆ ಬೇಜಾರಾಗ್ತದೆ ಅಂತ ಹೇಳ್ಲಿಲ್ಲವಂತೆ." ನನ್ನ ಕಡೆ ತಿರುಗಿ, "ನೀನೂ ಅದಕ್ಕೇ ಅಲ್ವಾ ಸುಮ್ಮನಿದ್ದದ್ದು?"

"ಹೌದು ಅಂಕಲ್. ಸಾರಿ."

"ಸಾರಿ ಎಂತಕ್ಕೆ. ಮರ್ಯಾದೆ ಕೊಟ್ಟೆ. ಅವನೂ ಕೊಟ್ಟ, ಇವಳೂ ಕೊಟ್ಲು." ಆಂಟಿಯ ಕಡೆ ಕೈ ತೋರಿಸಿದರು. "ಎಲ್ಲರೂ ಮರ್ಯಾದೆ ಕೊಟ್ಟು ಕೊಟ್ಟು ನಾನು ಒಬ್ನೇ ಆಗ್ಹೋದೆ ತಂಗಿ. ಇನ್ನು ಬೇಡ. ಇನ್ನು ಕಂಡದ್ದು ಹೇಳು."

ಆಂಟಿಗೆ ಕನ್ನಡ ಎಷ್ಟು ತಿಳಿಯಿತೋ ಗೊತ್ತಿಲ್ಲ. ಎದ್ದು ಹೋಗಿ ಅವರ ಹೆಗಲ ಮೇಲಿದ್ದ ಶಾಲು ಸರಿಮಾಡಿದರು.

ನಮ್ಮ ತೊಟ್ಟಿಯ ಕೆಲಸ ಮತ್ತೆ ಮೊದಲಿನಿಂದ ಎಂಬಂತೆ ಶುರುವಾಯಿತು. ಕಲ್ಲಿನಲ್ಲಿ ಬೆಳೆಯುತ್ತಿದ್ದ ಜೀವಗಳು ಹಸಿವಿನಿಂದ ಸಾಯಬಾರದಲ್ಲ. ಈ ಸಲ ಸೂಪರ್‌ಮಾರ್ಕೆಟ್ಟಿಗೆ ನಾನೇ ಹೋಗಿ ಸೀಗಡಿ ತಂದೆ. ಮುಟ್ಟಲಾರದೆ ಇಕ್ಕಳದಲ್ಲಿ ಹಿಡಿದು ನೀರಿಗೆ ಬಿಟ್ಟೆ. ಮೈಸೂರಿಗೆ ಫೋನ್ ಮಾಡಿದಾಗ ಅಮ್ಮನಿಗೆ ಇದನ್ನು ಹೇಳಲಿಲ್ಲ.

ಶನಿವಾರ ಅಂಕಲ್ ಬರುವುದು ನಿಲ್ಲಲಿಲ್ಲ. ಈಗ ಆಂಟಿಯೂ ಬರುತ್ತಿದ್ದರು. ಹನಿ ಎಣಿಸುವುದು, ಕುಲುಕುವುದು ಅವರದು, ಬೆರಳಿಗೆ ರೂಢಿಯಿತ್ತು. ಬಣ್ಣ ಹೇಳುವುದು ನನ್ನದು. ಕಾರ್ಡು ಹಿಡಿದೇ ಹೇಳಬೇಕು ಎಂದು ಈಗ ಅವರದೇ ಕಟ್ಟಪ್ಪಣೆ. ನಾನು ಕಾರ್ಡಿನ ಅಂಕಿ ಹೇಳಿದರೆ ಸಾಲದು, "ಯಾವ ಹಸಿರು?" ಎಂದು ಕೇಳುವರು. ಒಂದು ವಾರ ಪಾಚಿಹಸಿರು. ಮುಂದಿನ ವಾರ ಹೆಸರುಬೇಳೆ. ಅವರು ಕಣ್ಣು ಮುಚ್ಚಿ ತಲೆಯಾಡಿಸುವರು. ಒಮ್ಮೆ ನಾನು "ನಿಂಬೆಕಾಯಿ" ಎಂದಾಗ, "ಕಾಯಿಯೋ ಹಣ್ಣೋ? ಸರೀ ಹೇಳು" ಎಂದು ರೇಗಿದರು. ನನಗೂ ರೇಗಿತು. "ಕಾಯಿಯಿಂದ ಹಣ್ಣಾಗೋ ನಡುವೆ ಅಂಕಲ್, ಅದಕ್ಕೆ ಹೆಸರಿಲ್ಲ" ಎಂದೆ. "ಉಂಟು. ದೋರೆ" ಎಂದರು. ಅರೆಹಣ್ಣಿಗೆ ನಮ್ಮಲ್ಲೂ ದೋರೆ ಎನ್ನುತ್ತಾರೆ. ನನಗೆ ಹೊಳೆದಿರಲಿಲ್ಲ.

ನಾಲ್ಕನೆಯ ಶನಿವಾರ ಅವರು ಬಂದದ್ದೇ ಬೇರೆ ಹುರುಪಿನಲ್ಲಿ. ಕೈಯಲ್ಲಿ ಬಕೆಟ್ಟು, ಅದರೊಳಗೆ ನಮ್ಮ ಮೀನು. ಲೆಕ್ಕಪ್ರಕಾರ ಇವತ್ತಿಗೆ ನೀರು ಆಗಿಯೇ ಆಗಿರುತ್ತದೆ, ಮಗಳನ್ನು ಮನೆ ತುಂಬಿಸಿಕೊಳ್ಳಿ ಎಂದು ಬಾಗಿಲಲ್ಲೇ ನಗಾಡಿದರು. ಮಳೆ ಹನಿಯುತ್ತಿತ್ತು, ಅವರ ಪ್ಯಾಂಟಿನ ಅಂಚು ಒದ್ದೆಯಾಗಿತ್ತು. ಅಷ್ಟು ದೂರ ಆ ಬಕೆಟ್ಟನ್ನು ಅಲುಗದ ಹಾಗೆ ಹಿಡಿದು ರೈಲಿನಲ್ಲಿ ನಿಂತು ಬಂದಿದ್ದರು.

ನೀರು ಹಿಡಿದೆವು. ಐದು ನಿಮಿಷ ಕಾದೆವು. ನಾನು ಕಾರ್ಡಿನ ಪಕ್ಕ ನಳಿಕೆ ಹಿಡಿದೆ. ಹಳದಿಯೇ. ಆದರೆ ಅಡಿಯಲ್ಲಿ ಒಂದಿಷ್ಟು ಹಸಿರಿನ ನೆರಳು. ಇನ್ನೊಂದು ಬಾರಿ ಮಾಡಿ ನೋಡಿದೆ. ಅದೇ. ಶ್ರೀಧರ ನನ್ನ ಮುಖವನ್ನೇ ನೋಡುತ್ತಿದ್ದ. ಆಯ್ತು ಎಂದುಬಿಡು ಎಂದು ಅವನ ಕಣ್ಣು ಹೇಳುತ್ತಿತ್ತು. ಇಷ್ಟು ಕಡಿಮೆ ಹಸಿರಿಗೆ ಮೀನು ಸಾಯುತ್ತದೆಂದು ನನಗೂ ಅನ್ನಿಸಲಿಲ್ಲ.

"ಇನ್ನೂ ಆಗಿಲ್ಲ ಅಂಕಲ್" ಎಂದೆ.

"ಎಷ್ಟು ಉಂಟು?"

"ಚೂರು. ಒಂದು ಎಳೆ. ಆದ್ರೆ ಇದೆ."

ಅವರು ಬಕೆಟ್ಟಿನ ಹಿಡಿಕೆ ಹಿಡಿದುಕೊಂಡರು. ನಂತರ ಆಂಟಿಗೆ ಜಪಾನಿಯಲ್ಲಿ, ಕೊಡೆ ತೆಗೆದುಕೋ, ರೈಲು ಇದೆ ಎಂದರು. ಕಾಫಿಯನ್ನೂ ಕುಡಿಯಲಿಲ್ಲ, ಮೀನು ಹೆಚ್ಚು ಹೊತ್ತು ಬಕೆಟ್ಟಿನಲ್ಲಿರಬಾರದು. ನಾನು ಸ್ಟೇಷನ್ನಿನವರೆಗೆ ಬಕೆಟ್ಟು ಹೊತ್ತೆ. ಗೇಟಿನ ಬಳಿ ಅದನ್ನು ನನ್ನಿಂದ ತೆಗೆದುಕೊಳ್ಳುತ್ತ, "ಸೇಠ್ ಇದ್ದಿದ್ರೆ ನಿನ್ನನ್ನ ನನ್ನ ಮುತ್ತಿನ ಮೇಜಿಗೆ ಕೂರ್ಸ್ತಿದ್ದ" ಎಂದರು. ಅವರ ಬಾಯಿಂದ ನಾನು ಕೇಳಿದ ಹೊಗಳಿಕೆ ಅದೊಂದೇ.

ಎರಡು ವಾರದ ನಂತರ ನೀರು ಆಯಿತು. ಒಂದು ಬಾರಿಯಲ್ಲ, ಮೂರು ಬಾರಿ ನೋಡಿದೆ. ಅಂಕಲ್ ಮೀನು ತಂದರು, ಶ್ರೀಧರ ಅದಕ್ಕೊಂದು ಜೊತೆ ತಂದ. ಎರಡನ್ನೂ ನಿಧಾನವಾಗಿ ನೀರಿಗೆ ಬಿಟ್ಟು, ತೊಟ್ಟಿಯ ಎದುರು ಕುರ್ಚಿ ಹಾಕಿ ಅವರನ್ನು ಕೂರಿಸಿದೆವು. ಅಷ್ಟು ಹತ್ತಿರದಿಂದಲೂ ಅವರಿಗೆ ಕಾಣುತ್ತಿದ್ದದ್ದು ಗಾಜಿನ ಬೆಳಕು ಮಾತ್ರ. ಚಿಟಿಕೆ ಆಹಾರವನ್ನು ಅವರ ಕೈಯಿಂದಲೇ ಹಾಕಿಸಿದೆ.

"ತಿಂತಾ ಉಂಟಾ?"

"ಇಲ್ಲ ಅಂಕಲ್. ಎರಡೂ ಕಲ್ಲಿನ ಹಿಂದೆ ಸೇರ್ಕೊಂಡಿವೆ."

"ಹೂಂ. ಕೂರೋಣ."

ಕೂತೆವು. ಶ್ರೀಧರ ಬಾಲ್ಕನಿಗೆ ಹೋದ, ಬಂದ, ಮತ್ತೆ ಹೋದ. ಅರ್ಧ ಗಂಟೆ ಕಳೆಯಿತು. ಆಮೇಲೆ ಕಿತ್ತಳೆಯ ಒಂದು ಮೂತಿ ಕಲ್ಲಿನ ಅಂಚಿನಲ್ಲಿ ಕಾಣಿಸಿತು.

"ಒಂದು ಹೊರಗೆ ಬಂತು" ಎಂದೆ. "ನಮ್ಮದು, ಹಳೇದು. ಆಹಾರದ ಹತ್ರ ಬಂತು. ಮೂಸಿತು. ಬಿಡ್ತು." ಅವರು ಮೊಣಕಾಲ ಮೇಲೆ ಕೈಯಿಟ್ಟು ಮುಂದೆ ಬಾಗಿದ್ದರು. "ಮತ್ತೆ ಬಂತು ಅಂಕಲ್. ತಿಂತು."

"ಇನ್ನೊಂದು?"

"ಇಲ್ಲ, ಇನ್ನೂ ಹಿಂದೇನೇ ಇದೆ."

"ಅದು ನಾಳೆ ತಿಂತದೆ" ಎಂದು ಗೋಡೆಗೆ ಕೈಯೂರಿ ಎದ್ದರು. "ಈಗ ಕಾಫಿ ಕೊಡು."